ಏಣಿ ಹತ್ತುವ ಮುನ್ನ

ಆಷಾಢದ ಒಂದು ಸೋಮವಾರ ಲಕ್ಕಲಕಟ್ಟಿಯ ದುರ್ಗೇಶನಿಗೆ ಗಜೇಂದ್ರಗಡದಿಂದ ಫೋನು ಬಂತು. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳಿವೆಯಲ್ಲ, ಅವುಗಳ ರಿಪೇರಿಯ ಗುತ್ತಿಗೆ ಹಿಡಿದವರಿಗೆ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್‌ಗಳು ಬೇಕಾಗಿದ್ದರು. ನಾಳೆ ಹತ್ತಕ್ಕೆ ಇಂಟರ್‌ವ್ಯೂ, ಒರಿಜಿನಲ್ ಸರ್ಟಿಫಿಕೇಟು ತಗೊಂಡು ಬಾ ಎಂದಷ್ಟೇ ಹೇಳಿ, ಮಾತಾಡುತ್ತಿರುವವರು ಯಾರೆಂದು ಇವನು ಕೇಳುವಷ್ಟರಲ್ಲಿ ಆ ಕಡೆಯವರು ಫೋನು ಇಟ್ಟುಬಿಟ್ಟರು.

ದುರ್ಗೇಶನಿಗೆ ಅದು ವಿಚಿತ್ರವೆನಿಸಲಿಲ್ಲ. ಖುಷಿಯಲ್ಲಿದ್ದಾಗ ಇಂಥವು ಕಣ್ಣಿಗೆ ಬೀಳುವುದಿಲ್ಲ. ಅವನು ಎರಡು ವರ್ಷ ಪುಣೆಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ದುಡಿದು, ಸಂಕ್ರಾಂತಿಗೆ ಊರಿಗೆ ಬಂದವನು ಮತ್ತೆ ಹೋಗಿರಲಿಲ್ಲ. ಹೆಂಡತಿ ಮಾಲಾ ಬಸುರಿ. ಹೆರಿಗೆಯ ಹೊತ್ತಿಗೆ ತಾನು ಅವಳ ಹತ್ತಿರ ಇರಬೇಕು, ಮಗು ತನ್ನ ಮುಖ ನೋಡಿ ಬೆಳೆಯಬೇಕು ಎಂಬುದು ಅವನ ಹಟ. ಊರಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟಾಗ ಜನ ಅವನನ್ನು ಕರೆಯುತ್ತಿದ್ದರು. ಆದರೆ ಮೋಟಾರುಗಳು ದಿನಾ ಸುಡುವುದಿಲ್ಲ. ಅಪ್ಪ ಹನಮಪ್ಪ, ಅವ್ವ ಕಳಕವ್ವ ಇಬ್ಬರೂ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಾಗ, ಇಪ್ಪತ್ತಾರು ವರ್ಷದ ಮಗ ಕಟ್ಟೆಯ ಮೇಲೆ ಕೂತಿರುವುದು ಅವನಿಗೇ ಸಹಿಸಲಾಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ ಮಾಲಾ ಹೇಳಿದಳು, "ಮಾಲಕ ಏನ ಮಾತಾಡ್ತಾನ ಅನ್ನೂದು ಬಿಡ್ರಿ. ಅಲ್ಲಿ ದುಡಿಯೂ ಮಂದಿ ಮಾರಿ ನೋಡ್ರಿ."

"ಮಾರಿ ನೋಡಿದ್ರ ಏನ ತಿಳೀತೈತಿ?"

ಮಾಲಾ ಮದುವೆಗೆ ಮೊದಲು ತವರೂರು ನರೇಗಲ್‌ನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಹತ್ತು ತಿಂಗಳು ಕೆಲಸ ಮಾಡಿದ್ದಳು. "ನಾ ಸೇರೂವಾಗ ನಮ್ಮ ಮಾಲಕ ಭಾಳ ನಕ್ಕೋತ ಮಾತಾಡಿದ್ದ. ಇಲ್ಲಿ ನಾವೆಲ್ಲಾ ಒಂದ ಮನಿಯವರಿದ್ದಂಗ ನೋಡವಾ ಅಂದ. ಹಿಂದ ನಿಂತ ಹುಡುಗ್ಯಾರು ಒಬ್ರೂ ನಗಲಿಲ್ಲ. ಆವಾಗ ನನಗ ತಿಳೀಲಿಲ್ಲ. ಅಂವ ಅಂದದ್ದು ಖರೇನ ಇತ್ತು ಬಿಡ್ರಿ. ಮನಿಯವರಿಗೆ ಯಾರರ ರಜಾ, ಸೂಟಿ ಕೊಡ್ತಾರೇನು?"

ದುರ್ಗೇಶ ನಕ್ಕು, ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಫೈಲನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬಸ್ಸು ಹಿಡಿದ.

ಗಜೇಂದ್ರಗಡದಲ್ಲಿ ಆಫೀಸು ಹುಡುಕುವುದಕ್ಕೇ ಅರ್ಧ ತಾಸು ಹಿಡಿಯಿತು. ಸಿಮೆಂಟ್ ಪೈಪಿನ ಅಂಗಡಿಯ ಮೇಲಿನ ಒಂದು ಕೋಣೆ. ಬೋರ್ಡಿನ ಮೇಲೆ ಹಳೆಯ ಹೆಸರಿಗೆ ಬಿಳಿ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದರು. ಹಳೆಯ ಅಕ್ಷರಗಳು ಇನ್ನೂ ಕೆಳಗಿನಿಂದ ಇಣುಕುತ್ತಿದ್ದವು. ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಇನ್ನಿಬ್ಬರು ಕಾಯುತ್ತಿದ್ದರು. ಒಬ್ಬ ರೋಣದ ಕುತುಬುದ್ದೀನ, ಹೋದ ವರ್ಷವಷ್ಟೇ ಐಟಿಐ ಮುಗಿಸಿದ ಸಣಕಲು ಹುಡುಗ. ಇನ್ನೊಬ್ಬ ನರೇಗಲ್ ಕಡೆಯ ದ್ಯಾಮೇಶ, ಗಟ್ಟಿಮುಟ್ಟಾದ ಆಳು, ಮಾತಿಗೊಮ್ಮೆ ನಗುವವನು. ಬಾಗಿಲು ಕಾಯಲು ರಮಜಾನಸಾಬ ಎಂಬ ವಯಸ್ಸಾದವರಿದ್ದರು. ಅವರು ಮೂವರಿಗೂ ನೀರು ಕೊಟ್ಟರು, ಆದರೆ ಯಾರ ಕಣ್ಣನ್ನೂ ನೋಡಲಿಲ್ಲ.

ಹತ್ತು ಹೋಗಿ ಹನ್ನೆರಡೂವರೆಯಾಯಿತು. ಆಮೇಲೆ ಗುತ್ತಿಗೆದಾರ ಬಂದ. ಹೆಸರು ಗೌತಮ, ನಲವತ್ತರ ಆಸುಪಾಸು. ತಡವಾಯಿತೆಂದು ಒಂದು ಮಾತೂ ಆಡದೆ, ಮೂವರನ್ನೂ ಒಟ್ಟಿಗೆ ಒಳಗೆ ಕರೆದು ಸಾಲಾಗಿ ನಿಲ್ಲಿಸಿದ. ಕುರ್ಚಿಗಳಿದ್ದವು, ಕೂಡಿರೆನ್ನಲಿಲ್ಲ. ಮಾತಿನ ನಡುವೆ ಮೂರು ಸಲ ಫೋನು ಎತ್ತಿದ.

"ಎತ್ತರಕ್ಕ ಅಂಜತೀರೇನು?"

"ಇಲ್ರಿ," ಎಂದರು ಮೂವರೂ.

"ಮನ್ಯಾಗ ದುಡಿಯೋವ್ರು ಎಷ್ಟ ಮಂದಿ? ಮದವಿ ಆಗೇತಿ? ಬ್ಯಾರೆ ಎಲ್ಲೆರ ಕೆಲಸಾ ನೋಡೀರೇನು?"

ಕಲಿತ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಇವರಿಗೆ ಎಷ್ಟು ಅಡಚಣೆಯಿದೆ ಎಂದು ಅಳೆಯುತ್ತಿದ್ದಾನೆಂದು ದುರ್ಗೇಶನಿಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ, ಪುಣೆ ಬಿಟ್ಟು ಬಂದೇನಿ, ಬೇರೆ ಕೆಲಸ ಇಲ್ಲರೀ ಎಂದು ಪ್ರಾಮಾಣಿಕವಾಗಿ ಹೇಳಿಬಿಟ್ಟಿದ್ದ.

"ಹಿಂದ ಇದ್ದವ್ರೆಲ್ಲಾ ಕಳ್ಳರು," ಎಂದ ಗೌತಮ. "ಒಂದ ವರ್ಷದಾಗ ಹನ್ನೊಂದ ಮಂದಿ ಬಂದ್ರು, ಹನ್ನೊಂದೂ ಮಂದಿ ಓಡಿಹೋದ್ರು. ದುಡಿಯೂ ಮನಸ್ಸ ಯಾವನಿಗೂ ಇಲ್ಲ. ನೀವರ ಗಂಡಸ್ರದೀರೋ ಇಲ್ಲೋ ನೋಡೂಣು."

ದುರ್ಗೇಶ ಧೈರ್ಯ ಮಾಡಿ ಕೇಳಿದ, "ಸರ್, ಪಗಾರ ಎಷ್ಟ್ರಿ? ಡ್ಯೂಟಿ ಎಷ್ಟ ತಾಸು?"

ಗೌತಮ ಫೋನಿನಿಂದ ತಲೆಯೆತ್ತಿದ. "ಮೊದಲ ದಿನಾನ ರೂಲ್ಸ್ ಕೇಳಾಂವ ಮುಂದ ಕೆಲಸಾ ಮಾಡೂದಿಲ್ಲ ತಮ್ಮಾ. ಮೊದಲ ದುಡಿ, ನಿನ್ನ ಕೆಲಸಾ ನೋಡಿ ಪಗಾರ ಹೇಳ್ತೀನಿ. ಚಲೋ ಮಾಡಿದ್ರ ಪುಣಾದಾಗ ತಗೋತಿದ್ದೆಲ್ಲಾ, ಅದರ ಒಂದೂವರಿ ಪಟ್ಟು."

"ಆರ್ಡರ್ ಕಾಪಿ ಏನರ..."

"ಹೆಡ್ ಆಫೀಸಿಂದ ಬರ್ತೈತಿ. ಮೂರೂ ಮಂದಿ ಸೆಲೆಕ್ಟ್. ಎರಡ ವರ್ಷ ಬಿಟ್ಟ ಹೋಗೂ ಹಂಗಿಲ್ಲ. ಒರಿಜಿನಲ್ ಇಲ್ಲಿಡ್ರಿ."

ದ್ಯಾಮೇಶ ತಕ್ಷಣ ಫೈಲನ್ನು ಮೇಜಿನ ಮೇಲಿಟ್ಟ. ಕುತುಬುದ್ದೀನನೂ ಇಟ್ಟ. ದುರ್ಗೇಶ ತಡವರಿಸಿದಾಗ ಗೌತಮ ಗದ್ದದಿಂದಲೇ ಬಾಗಿಲು ತೋರಿಸಿದ. "ಕೊಡೂದಿದ್ರ ಕೊಡು. ಬ್ಯಾಡಾಗಿದ್ರ ಹಾದಿ ಅಲ್ಲೈತಿ." ಮನೆಯಲ್ಲಿ ಕಾಯುತ್ತಿರುವ ಮೂರು ಮುಖಗಳು ಕಣ್ಮುಂದೆ ಬಂದವು. ಅವನೂ ಫೈಲನ್ನು ಇಟ್ಟುಬಿಟ್ಟ. ಗೌತಮ ಮೂರನ್ನೂ ಕಬ್ಬಿಣದ ಕಪಾಟಿಗೆ ಹಾಕಿ ಬೀಗ ಜಡಿದ. ಇಡೀ ಇಂಟರ್‌ವ್ಯೂ ಹತ್ತು ನಿಮಿಷವೂ ಹಿಡಿಯಲಿಲ್ಲ.

"ನಡೀರಿ, ಗುಡ್ಡಕ್ಕ ಹೋಗೂಣು. ಇವತ್ತ ಒಂದ ಸಣ್ಣ ಟ್ರಯಲ್."

ಜೀಪು ಗುಡ್ಡದ ಕಚ್ಚಾ ಹಾದಿಯಲ್ಲಿ ಏರಿತು. ರಮಜಾನಸಾಬರೂ ಹಿಂದಿನ ಸೀಟಿನಲ್ಲಿ ಸಾಮಾನಿನ ಚೀಲ ಹಿಡಿದು ಕೂತಿದ್ದರು. ಮೇಲೆ ಆಷಾಢದ ಗಾಳಿ. ಜೀಪಿನಿಂದ ಇಳಿದ ದುರ್ಗೇಶನ ಅಂಗಿ ಹಾರಿ ಮುಖಕ್ಕೆ ಬಡಿಯಿತು. ಗಾಳಿಯಂತ್ರದ ಬಿಳಿ ಕಂಬ ಎಪ್ಪತ್ತೈದು ಮೀಟರಿನದು, ನಿಂತ ರೆಕ್ಕೆಗಳು ಗಾಳಿಗೆ ಸಣ್ಣಗೆ ಅಲುಗಾಡುತ್ತಿದ್ದವು. ಕಂಬದ ಬುಡದಲ್ಲಿ ಒಂದು ಬಾಗಿಲು. ಒಳಗೆ ನೇರ ಮೇಲಕ್ಕೆ ಹೋಗುವ ಕಬ್ಬಿಣದ ಏಣಿ, ಅದರ ಉದ್ದಕ್ಕೂ ಒಂದು ಉಕ್ಕಿನ ಹಗ್ಗ. ಹತ್ತುವವನ ಸೊಂಟ, ತೊಡೆ, ಎದೆಗೆ ಬೆಲ್ಟು. ಬೆಲ್ಟಿನ ಲಾಕು ಆ ಹಗ್ಗದ ಮೇಲೆ ಅವನ ಜೊತೆ ಮೇಲೇರುತ್ತದೆ. ಕಾಲು ಜಾರಿದರೆ ಲಾಕು ಹಗ್ಗವನ್ನು ಕಚ್ಚಿ ಹಿಡಿಯಬೇಕು. ಮನುಷ್ಯನ ಜೀವ ನಿಂತಿರುವುದು ಆ ಕಚ್ಚುವಿಕೆಯ ಮೇಲೆ.

"ಒಬ್ಬೊಬ್ರ ಮ್ಯಾಲ ಹೋಗಿ, ಒಂದ ಫೋಟೊ ತಗೊಂಡ ಇಳೀರಿ. ಅದ ನಿಮ್ಮ ಪರೀಕ್ಷಾ," ಎಂದು ಗೌತಮ ಮತ್ತೆ ಫೋನು ಹಿಡಿದು ದೂರ ಹೋದ.

ರಮಜಾನಸಾಬರು ಚೀಲದಿಂದ ಒಂದು ಬೆಲ್ಟು, ಒಂದು ಹೆಲ್ಮೆಟ್ ತೆಗೆದುಕೊಟ್ಟರು. ಬೆಲ್ಟಿನ ಪಟ್ಟಿ ಹರಿದಲ್ಲಿ ಗೋಣಿಚೀಲ ಹೊಲಿಯುವ ದಾರದಿಂದ ಹೊಲಿದಿದ್ದರು. ಹೆಲ್ಮೆಟ್ಟಿನ ಒಳಗೆ ಸ್ಕೆಚ್ ಪೆನ್ನಿನಿಂದ 'ಗೌಸುಸಾಬ' ಎಂದು ಬರೆದಿತ್ತು.

"ಇಂವ ಯಾರ ಚಾಚಾ?" ದುರ್ಗೇಶ ಕೇಳಿದ.

ರಮಜಾನಸಾಬರು ಗೌತಮನ ಕಡೆ ಒಮ್ಮೆ ನೋಡಿದರು. "ನಮ್ಮ ತಂಗಿ ಮಗ. ಈ ಲಾಕ ಹಿಡೀಲಿಲ್ಲಪಾ. ಪೂರಾ ಮ್ಯಾಲಿಂದಲ್ಲ, ಹನ್ನೆರಡ ಅಡಿಯಿಂದ ಬಿದ್ದ. ಸೊಂಟಕ್ಕ ರಾಡ್ ಹಾಕ್ಯಾರ, ಕೋಲ ಹಿಡಕೊಂಡ ಅಡ್ಡಾಡ್ತಾನ."

"ಮತ್ತ ನೀವು ಇಲ್ಲೇ ಅದೀರಿ?"

"ಈ ವಯಸ್ಸಿನ್ಯಾಗ ನನಗ ಯಾರ ಕೆಲಸಾ ಕೊಡ್ತಾರ?" ಎಂದವರು ದನಿ ಇಳಿಸಿದರು. "ನೀ ಹತ್ತೂಕಿಂತ ಮೊದಲ ಜಗ್ಗಿ ನೋಡು."

ಪುಣೆಯ ಕಾರ್ಖಾನೆಯಲ್ಲಿ ಕ್ರೇನಿನ ಮೇಲಿನ ದೀಪಗಳನ್ನು ನೋಡಿಕೊಳ್ಳುವ ಕೆಲಸ ದುರ್ಗೇಶನದಾಗಿತ್ತು. ಅಲ್ಲಿ ಮೊದಲ ವಾರ ಇದನ್ನೇ ಕಲಿಸಿದ್ದರು. ಅವನು ಲಾಕನ್ನು ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ, ಎದೆಯೆತ್ತರದಿಂದ ಒಮ್ಮೆಲೇ ಕೆಳಕ್ಕೆ ಜಗ್ಗಿದ. ಅದು ಎಲ್ಲಿಯೂ ನಿಲ್ಲದೆ ಸರ್ರನೆ ಜಾರಿ ಬುಡಕ್ಕೆ ಬಂತು. ಇನ್ನೊಮ್ಮೆ ಜಗ್ಗಿದ. ಮತ್ತೆ ಜಾರಿತು. ಮೂರನೆಯ ಸಲ ಕುತುಬುದ್ದೀನನ ಕೈಗೆ ಕೊಟ್ಟ. ಅವನೂ ಜಗ್ಗಿ, ಜಾರಿದ್ದನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

ದುರ್ಗೇಶ ಗೌತಮನ ಹತ್ತಿರ ಹೋದ. "ಸರ್, ಲಾಕ್ ಹಿಡಿಯಾಕತ್ತಿಲ್ಲ. ಗಾಳೀನೂ ಭಾಳ ಐತಿ. ಬ್ಯಾರೆ ಲಾಕ್ ತರಿಸ್ರಿ, ನಾ ಹತ್ತತೀನಿ."

"ವರ್ಷಾನಗಟ್ಲೆ ಅದರ ಮ್ಯಾಲ ಹತ್ಯಾರ."

"ಒಬ್ರು ಬಿದ್ದೂ ಬಿದ್ದಾರಲ್ರಿ."

ಗೌತಮನ ಮುಖ ಬಿಗಿಯಿತು. "ಅಂವ ಕುಡದಿದ್ದ. ನಿನಗ ಆಗೂದಿಲ್ಲಂದ್ರ ಸೀರಿ ಉಟಗೊಂಡ ಮನ್ಯಾಗ ಕುಂಡ್ರು. ಒರಿಜಿನಲ್ ನನ್ನ ಕಡೆ ಅದಾವು, ನೆಪ್ಪ ಇರಲಿ."

ಆಗ ದ್ಯಾಮೇಶ ಮುಂದೆ ಬಂದ. "ನಾ ಹತ್ತತೀನ್ರಿ ಸರ್." ಬೆಲ್ಟು ಬಿಗಿದುಕೊಂಡ. ದುರ್ಗೇಶ ಅವನ ತೋಳು ಹಿಡಿದು, "ಬ್ಯಾಡೋ, ನಾ ತೋರಿಸಿದ್ನೆಲ್ಲಾ," ಎಂದ. ದ್ಯಾಮೇಶ ಕೈ ಬಿಡಿಸಿಕೊಂಡು ನಕ್ಕ. "ನಮ್ಮ ಮನ್ಯಾಗ ಐದ ಮಂದಿ ಅದೀವಣ್ಣಾ." ಏಣಿ ಹತ್ತಿ ಕತ್ತಲಲ್ಲಿ ಮರೆಯಾದ.

ಉಳಿದ ಇಬ್ಬರೂ ಗುಡ್ಡದ ಹಾದಿ ಹಿಡಿದು ನಡೆಯತೊಡಗಿದರು. ಅರ್ಧ ಮೈಲಿ ಹೋದಮೇಲೆ ಕುತುಬುದ್ದೀನ ಹಿಂತಿರುಗಿ ನೋಡಿ ನಿಂತ. ಕಂಬದ ತುದಿಯಲ್ಲಿ ಒಂದು ಸಣ್ಣ ಆಕೃತಿ ಕೈ ಬೀಸುತ್ತಿತ್ತು.

"ಅಣ್ಣಾ, ಅಂವ ಮುಟ್ಟಿಬಿಟ್ಟ."

ದ್ಯಾಮೇಶ ಕ್ಷೇಮವಾಗಿ ಮುಟ್ಟಿದ್ದು ದುರ್ಗೇಶನಿಗೆ ನೆಮ್ಮದಿ ಕೊಟ್ಟಿತು, ಅದರ ಹಿಂದೆಯೇ ನಾಚಿಕೆಯೂ ಬಂತು. ನಾನು ಅಂಜಿದೆನೇ? ಅಥವಾ ಸರಿ ಮಾಡಿದೆನೇ? ಬಸ್ಸು ಸಿಗುವವರೆಗಿನ ನಾಲ್ಕು ಕಿಲೋಮೀಟರು ಇಬ್ಬರೂ ಅದೊಂದನ್ನೇ ಯೋಚಿಸುತ್ತ ನಡೆದರು. ಅಗಲುವಾಗ ಕುತುಬುದ್ದೀನ ನಂಬರು ತೆಗೆದುಕೊಂಡು, "ನಾಳೆ ಕಾಗದಾ ಕೇಳಾಕ ಬರೂಣಣ್ಣಾ, ಒಬ್ಬಂವಗ ಅಂಜಿಕಿ ಬರ್ತೈತಿ," ಎಂದ.

ಸಂಜೆ ಮನೆಯಲ್ಲಿ ಎಲ್ಲ ಕೇಳಿದ ಕಳಕವ್ವ ಜೋಳದ ಮೊರವನ್ನು ಕೆಳಗಿಟ್ಟಳು. "ಕೈಯಾಗ ಬಂದ ಕೆಲಸಾ ಬಿಟ್ಟ ಬಂದ್ಯಾ ಯಪ್ಪಾ? ಆ ಇನ್ನೊಬ್ಬ ಹುಡುಗ ಹತ್ತಿ ಇಳಿದ ಅಂತೀಯಲ್ಲಾ?"

ಹರೆಯದಲ್ಲಿ ಹನಮಪ್ಪ ಬಾವಿ ತೋಡುವ ಕೆಲಸ ಮಾಡಿದವನು. ಹಗ್ಗಕ್ಕೆ ಜೋತುಬಿದ್ದು ನಲವತ್ತು, ಐವತ್ತು ಅಡಿ ಇಳಿಯುತ್ತಿದ್ದ. ಅವನು ಒಂದೇ ಮಾತು ಕೇಳಿದ.

"ಜಗ್ಗಿದಾಗ ಹಿಡೀಲಿಲ್ಲಾ?"

"ಮೂರ ಸಲಾ ಜಗ್ಗಿದ್ವಿ. ಹಿಡೀಲಿಲ್ಲ."

"ಹಂಗಾರ ಚಲೋ ಮಾಡಿದಿ," ಎಂದು ಎದ್ದು ಕೈಕಾಲು ತೊಳೆಯಲು ಹೋದ. ಕಳಕವ್ವ ಮತ್ತೆ ಮೊರ ಎತ್ತಿಕೊಂಡಳು. ಆ ಮಾತು ಅಲ್ಲಿಗೆ ಮುಗಿಯಿತು.

ಮಾಲಾ ಮಾತ್ರ, "ಫೈಲ್ ಎಲ್ಲೈತ್ರಿ?" ಎಂದು ಕೇಳಿದಳು. ದುರ್ಗೇಶ ತಲೆ ತಗ್ಗಿಸಿದ. "ನಾಳೆ ನಾನೂ ಬರ್ತೀನಿ," ಎಂದಳು ಅವಳು. ಆರು ತಿಂಗಳ ಬಸುರಿಗೆ ಬಸ್ಸಿನ ಕುಲುಕಾಟ ಬೇಡವೆಂದು ಅತ್ತೆ, ಗಂಡ ಇಬ್ಬರೂ ಹೇಳಿದರು. ಅವಳು ಕೇಳಲಿಲ್ಲ.

ಬುಧವಾರ ಹತ್ತು ಗಂಟೆಗೆ ಗಂಡಹೆಂಡತಿ, ಕುತುಬುದ್ದೀನ ಮೂವರೂ ಆ ಆಫೀಸಿನ ಮೆಟ್ಟಿಲ ಬಳಿ ಸೇರಿದರು. ದುರ್ಗೇಶ, ಕುತುಬುದ್ದೀನ ಮೇಲೆ ಹೋದರು. ಗೌತಮ ತಲೆಯೆತ್ತದೆಯೇ, "ಎರಡ ವರ್ಷ ದುಡದ ಒಯ್ರಿ," ಎಂದ. ಕೈಮುಗಿದು ಕೇಳಿದರು, ಜೋರು ಮಾಡಿ ಕೇಳಿದರು. "ಪೊಲೀಸ್ರ ಕಡೆ ಹೋಗ್ರಿ. ನಿಮ್ಮ ಕೈಯಾರೆ ಕೊಟ್ಟೀರಿ, ನಾ ಕಸಗೊಂಡಿಲ್ಲ," ಎಂದು ಬಾಗಿಲು ಹಾಕಿಸಿದ.

ಇಬ್ಬರೂ ಕೆಳಗಿಳಿದು ಬಂದಾಗ ಮಾಲಾ ಬೆಂಚಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಪೊಲೀಸ್ ಠಾಣೆಗೆ ಹೋಗೋಣವೇ ಎಂದು ಅವರು ಚರ್ಚೆ ಮಾಡುವಾಗಲೇ, ಕೈಯಲ್ಲಿ ಫೈಲು ಹಿಡಿದ ಒಬ್ಬ ಹುಡುಗ ಬೋರ್ಡು ನೋಡುತ್ತ ಬಂದು ನಿಂತ. ಗೌತಮ ಆ ದಿನವೂ ಇಂಟರ್‌ವ್ಯೂಗೆ ಕರೆದಿದ್ದ.

"ಇಂಟರ್‌ವ್ಯೂಕ್ಕ ಬಂದಿಯೇನ ತಮ್ಮಾ?" ಮಾಲಾ ಮೆಲ್ಲಗೆ ಕೇಳಿದಳು. "ಹೋಗಪಾ, ಹೋಗು. ಆದ್ರ ಒರಿಜಿನಲ್ ಕೊಡಬ್ಯಾಡ, ಝೆರಾಕ್ಸ್ ಕೊಡು. ನಮ್ಮ ಮನಿಯವ್ರು ಕೊಟ್ಟ ಕುಂತಾರ ನೋಡು. ಮತ್ತ ಲಾಕ್ ಜಗ್ಗಿ ನೋಡದ ಏಣಿ ಹತ್ತಬ್ಯಾಡ."

ಹುಡುಗ ಅವಳನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದ. "ಯಾವ ಲಾಕ್ ಅಕ್ಕಾರ?" ಎಂದು ಕೇಳಿ, ದುರ್ಗೇಶ ಹೇಳಿದ್ದನ್ನೆಲ್ಲ ನಿಂತು ಕೇಳಿಸಿಕೊಂಡ. ಆಮೇಲೆ ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ಎರಡನೆಯವನು ಮೇಲೆ ಹೋದನಾದರೂ ಒರಿಜಿನಲ್ ಕೇಳಿದಾಗ ಕೊಡಲು ಒಲ್ಲೆನೆಂದು ಐದು ನಿಮಿಷದಲ್ಲಿ ಇಳಿದುಬಂದ. ಮೂರನೆಯವನು ಬರುವ ಹೊತ್ತಿಗೆ ಪೈಪಿನ ಅಂಗಡಿಯವರು, ಚಹಾದ ಗಾಡಿಯವರು ಎಲ್ಲ ಏನು ಏನು ಎಂದು ಕೇಳುತ್ತ ಗುಂಪುಗೂಡಿದ್ದರು. ಮಾಲಾ ದನಿ ಏರಿಸಲಿಲ್ಲ. ಬಂದವರಿಗೆಲ್ಲ ಅದನ್ನೇ, ಅಷ್ಟೇ ಸಮಾಧಾನದಿಂದ ಹೇಳುತ್ತಿದ್ದಳು.

ಗೌತಮ ಮೆಟ್ಟಿಲ ಮೇಲಿನಿಂದ ಕೂಗಿದ. "ಏ, ಆ ಹೆಣ್ಮಗಳನ್ನ ಎಬ್ಬಿಸಿ ಕರಕೊಂಡ ಹೋಗೋ!"

"ಫೈಲ್ ಕೊಡ್ರಿ ಸಾಹೇಬ್ರ, ಏಳತೀನಿ," ಎಂದಳು ಮಾಲಾ. "ಇಲ್ಲಂದ್ರ ನಾಳೆನೂ ಬರ್ತೀನಿ. ನನಗೇನ ಕೆಲಸೈತಿ? ರೊಟ್ಟಿ ತಂದೇನಿ."

ಚಹಾದವನು ಗಟ್ಟಿಯಾಗಿ ನಕ್ಕ. ಸ್ವಲ್ಪ ಹೊತ್ತಿಗೆ ರಮಜಾನಸಾಬರು ಎರಡು ಫೈಲು ಹಿಡಿದು ಇಳಿದುಬಂದರು. ಮುಖದಲ್ಲಿ ಮೊದಲ ಸಲ ನಗುವಿನ ಗೆರೆ ಕಾಣಿಸಿತು. "ಒಂದೊಂದ ಹಾಳೀನೂ ನೋಡಿ ತಗೋರಿ," ಎಂದರು. ಎಲ್ಲ ಸರಿಯಿತ್ತು. ದ್ಯಾಮೇಶನ ಫೈಲು ಮಾತ್ರ ಕಪಾಟಿನಲ್ಲೇ ಉಳಿಯಿತು. ಅವನು ಆ ಹೊತ್ತಿಗೆ ಗುಡ್ಡದ ಮೇಲೆ ಕೆಲಸದಲ್ಲಿದ್ದ.

ಮುಂದಿನ ಮೂರು ವಾರ ಸುಲಭದ್ದಾಗಿರಲಿಲ್ಲ. ದುರ್ಗೇಶ ಮೋಟಾರು ಬಿಚ್ಚುತ್ತ, ಕಟ್ಟುತ್ತ ದಿನ ಕಳೆದ. ಊರಲ್ಲಿ ಒಬ್ಬಿಬ್ಬರು "ಎತ್ತರಕ್ಕ ಅಂಜಿ ಬಂದ್ನಂತ" ಎಂದು ನಕ್ಕಿದ್ದೂ ಕಿವಿಗೆ ಬಿತ್ತು. ಮತ್ತೆ ಪುಣೆಗೇ ಹೋಗಿಬಿಡಲೇ ಎಂದು ಎರಡು ಸಲ ಬ್ಯಾಗು ತೆಗೆದು ಧೂಳು ಕೊಡವಿದ. ಅಷ್ಟರಲ್ಲಿ ಕುತುಬುದ್ದೀನನ ಫೋನು ಬಂತು. ರೋಣದ ಹೊರವಲಯದಲ್ಲಿ ಇನ್ನೊಂದು ಕಂಪನಿಯ ಆಫೀಸಿದೆ, ಅವರದೂ ಗಾಳಿಯಂತ್ರದ ಕೆಲಸವೇ, ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ.

"ಒಂದ ಮಾತಣ್ಣಾ," ಎಂದ ಕುತುಬುದ್ದೀನ. "ನಾವು ಅಲ್ಲಿ ಹತ್ತಲಿಲ್ಲ ಅನ್ನೂದು ಇಲ್ಲಿ ಹೇಳೂದು ಬ್ಯಾಡ. ಹೇಳಿದ್ರ ಇಬ್ರನ್ನೂ ಹೊರಗ ಹಾಕ್ತಾರ." ದುರ್ಗೇಶ ಒಪ್ಪಿದ.

ರೋಣದ ಆಫೀಸಿನಲ್ಲಿ ಹತ್ತೂವರೆಗೆ ಬರಹೇಳಿದ್ದರು, ಹತ್ತು ನಲವತ್ತಕ್ಕೆ ದುರ್ಗೇಶನೊಬ್ಬನನ್ನು ಒಳಗೆ ಕರೆದರು. ಇಂಟರ್‌ವ್ಯೂ ಮಾಡಿದಾಕೆ ರೇಷ್ಮಾ ಎಂಬ ಇಂಜಿನಿಯರ್. ವಯಸ್ಸು ಮೂವತ್ತೈದಿರಬೇಕು, ಗಜೇಂದ್ರಗಡದ ನೇಕಾರರ ಮನೆಯ ಹೆಣ್ಣುಮಗಳು. ಕೈಯ ಗೆಣ್ಣುಗಳಲ್ಲಿ ಗ್ರೀಸಿನ ಕಪ್ಪು ಹಿಡಿದಿತ್ತು. "ಕುಂಡ್ರಿ. ಹತ್ತ ನಿಮಿಷ ತಡಾ ಆತು, ಸೈಟಿಂದ ಫೋನ್ ಬಂದಿತ್ತು," ಎಂದಳು. ಸರ್ಟಿಫಿಕೇಟು ಒಂದೊಂದಾಗಿ ಓದಿ, ಅಲ್ಲೇ ವಾಪಸು ಕೊಟ್ಟಳು. ಕ್ರೇನಿನ ಕೆಲಸದ ಬಗ್ಗೆ, ಕೇಬಲ್ಲು, ಫ್ಯೂಸಿನ ಬಗ್ಗೆ ಕೇಳಿದಳು. ಒಂದೆರಡಕ್ಕೆ ದುರ್ಗೇಶ ಗೊತ್ತಿಲ್ಲವೆಂದ. ಆಮೇಲೆ ಅವಳು ಪೆನ್ನು ಕೆಳಗಿಟ್ಟು ಕೇಳಿದಳು.

"ಮ್ಯಾಲಿನವ್ರು ಹೇಳಿದ ಕೆಲಸಾ ನೀವು ಯಾವಾಗರ ಒಲ್ಲೆ ಅಂದೀರೇನು?"

ಇಲ್ಲವೆಂದು ಹೇಳಲು ದುರ್ಗೇಶ ತುಟಿ ತೆರೆದ. ಆದರೆ ಮೂರು ವಾರದಿಂದ ಎದೆಯಲ್ಲಿಟ್ಟುಕೊಂಡದ್ದು ತಾನಾಗಿಯೇ ಹೊರಬಂತು. ಗುಡ್ಡ, ಗಾಳಿ, ಹೊಲಿದ ಬೆಲ್ಟು, ಜಾರಿದ ಲಾಕು, ಹತ್ತಿ ಮುಟ್ಟಿದ ದ್ಯಾಮೇಶ, ಎಲ್ಲವನ್ನೂ ಹೇಳಿಬಿಟ್ಟ. ಗುತ್ತಿಗೆದಾರನ ಹೆಸರು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ರೇಷ್ಮಾ ಎದ್ದು ಒಳಗಿನಿಂದ ಮೂರು ಲಾಕು ತಂದು ಮೇಜಿನ ಮೇಲಿಟ್ಟಳು. ಗೋಡೆಗೆ ಒಂದು ತುಂಡು ಉಕ್ಕಿನ ಹಗ್ಗ ಬಿಗಿದಿತ್ತು. "ಇದರಾಗ ಯಾವುದು ಹಾಕ್ಕೊಂಡ ಹತ್ತತೀರಿ?"

ಅವನು ಒಂದೊಂದನ್ನೂ ಸಿಕ್ಕಿಸಿ ಜಗ್ಗಿದ. ಮೊದಲನೆಯದು ಟಕ್ಕೆಂದು ಕಚ್ಚಿತು. ಎರಡನೆಯದೂ ಕಚ್ಚಿತು, ಆದರೆ ಸ್ಪ್ರಿಂಗಿಗೆ ತುಕ್ಕು ಕಂಡು ಅದನ್ನು ಬದಿಗಿಟ್ಟ. ಮೂರನೆಯದರ ಚೀಟಿಯ ಮೇಲಿನ ತಪಾಸಣೆಯ ತಾರೀಖು ಮುಗಿದು ವರ್ಷವಾಗಿತ್ತು. ಅವನು ಮೊದಲನೆಯದನ್ನೇ ಎತ್ತಿಕೊಂಡ.

"ಎರಡನೇದು ನಡೀತಿತ್ತು. ಅದು ತುಕ್ಕಲ್ಲ, ಬರೇ ಹೊಲಸು," ಎಂದಳು ರೇಷ್ಮಾ. "ಇರಲಿ. ಸಂಶೇ ಬಂದಿದ್ದನ್ನ ಬಿಟ್ಟದ್ದ ಚಲೋ ಆತು. ಈಗ ನೀವು ಕೇಳ್ರಿ."

"ನಾನ್ರಿ?"

"ನೀವೂ ನಮ್ಮನ್ನ ನೋಡಬೇಕಲ್ಲಾ."

ದುರ್ಗೇಶ ಕೇಳಿದ. "ನನಗಿಂತ ಮೊದಲ ಈ ಕೆಲಸಾ ಯಾರ ಮಾಡ್ತಿದ್ರಿ? ಯಾಕ ಬಿಟ್ರು?"

"ಅವ್ರು ನರಗುಂದ ಕಡೆ ನಮ್ಮ ಇನ್ನೊಂದ ಸೈಟಿಗೆ ಹೋದ್ರು. ನಂಬರ್ ಕೊಡ್ತೀನಿ, ನೀವ ಮಾತಾಡ್ರಿ."

"ಗಾಳಿ ಭಾಳ ಇದ್ದಾಗ?"

"ಮಿತಿ ದಾಟಿದ್ರ ಯಾರೂ ಹತ್ತಾಂಗಿಲ್ಲ. ಆವತ್ತಿನ ಪಗಾರ ಹಿಡಿಯೂದಿಲ್ಲ."

"ಮತ್ತ... ನಮ್ಮ ಮನಿಯಾಕಿಗೆ ಹೆರಿಗಿ ದಿನಾ ಹತ್ತರ ಬರಾಕತ್ತಾವ್ರಿ. ಆವಾಗ ಸೂಟಿ?"

"ನಾಕ ದಿನಾ ಸಿಗತಾವು. ಹೆಚ್ಚಿಗಿ ಬೇಕಂದ್ರ ಮೊದಲ ಹೇಳ್ರಿ, ನೋಡ್ತೀನಿ. ಕೊಟ್ಟ ಕೊಡ್ತೀನಿ ಅಂತ ಈಗ ಮಾತ ಕೊಡಾಂಗಿಲ್ಲ." ಅವಳು ಒಂದು ಹಾಳೆಯನ್ನು ಅವನತ್ತ ತಿರುಗಿಸಿದಳು. ಪಗಾರ, ತಾಸು, ವಾರದ ಸೂಟಿ ಎಲ್ಲ ಅದರಲ್ಲಿ ಕನ್ನಡದಲ್ಲೇ ಬರೆದಿತ್ತು. ಪಗಾರ ಪುಣೆಯದಕ್ಕಿಂತ ಕಡಿಮೆ. ಮೊದಲ ಎರಡು ತಿಂಗಳು ಏಣಿಯೇ ಇಲ್ಲ, ಬರೀ ತರಬೇತಿ. "ಮನಿಗೆ ಒಯ್ದ ಓದ್ರಿ. ಒಪ್ಪಿಗಿ ಆದ್ರ ಸೋಮವಾರ ಬರ್ರಿ. ಹೊರಗ ನಮ್ಮ ಹುಡುಗ್ರು ಊಟಕ್ಕ ಕುಂತಾರ, ಅವ್ರನ್ನೂ ಮಾತಾಡಸ್ರಿ. ನಾ ಅಲ್ಲಿ ಬರೂದಿಲ್ಲ."

ಹೊರಗೆ ಬೇವಿನ ಮರದ ಕೆಳಗೆ ಐದಾರು ಜನ ಬುತ್ತಿ ಬಿಚ್ಚಿ ಕೂತಿದ್ದರು. ಮಾಲಾಳ ಮಾತು ನೆನಪಾಗಿ ದುರ್ಗೇಶ ಅವರ ಮುಖಗಳನ್ನು ನೋಡಿದ. ಅವರು ತಮ್ಮತಮ್ಮೊಳಗೆ ಜಗಳಾಡುತ್ತಿದ್ದರು, ಯಾರದೋ ಚಟ್ನಿ ಯಾರೋ ತಿಂದದ್ದಕ್ಕೆ. ಇವನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು. "ಮೇಡಂ ಶಿಸ್ತು ಭಾಳರಿ," ಎಂದ ಒಬ್ಬ. "ಹೆಲ್ಮೆಟ್ ಮರತ್ರ ಎಲ್ಲಾರ ಮುಂದ ಬೈತಾರ. ಮತ್ತ ಜೀಪ್ ಹಳೇದು, ತಿಂಗಳಿಗೊಮ್ಮೆ ನೂಕಬೇಕು." ಮಾಲಕರ ಬಗ್ಗೆ ಇಷ್ಟು ಬಿಚ್ಚಿ ಮಾತಾಡುವ ಕೆಲಸಗಾರರನ್ನು ದುರ್ಗೇಶ ನೋಡಿರಲಿಲ್ಲ. ಅವನು ಆ ಬುತ್ತಿಯಲ್ಲಿ ಎರಡು ತುತ್ತು ತಿಂದೇ ಎದ್ದ.

ಸೋಮವಾರ ಅವನು ಕೆಲಸಕ್ಕೆ ಸೇರಿದ. ಕುತುಬುದ್ದೀನನಿಗೆ ಎತ್ತರದ ಅನುಭವವಿಲ್ಲವೆಂದು ಕೆಳಗಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಮುನಿಸಿಕೊಂಡಿದ್ದವನು ವಾರದೊಳಗೆ ಮೀಟರುಗಳ ಹುಚ್ಚು ಹಿಡಿಸಿಕೊಂಡ.

ದಸರೆಗೆ ಮೊದಲು ಮಾಲಾ ಹೆಣ್ಣುಮಗು ಹೆತ್ತಳು. ದುರ್ಗೇಶನಿಗೆ ಆರು ದಿನ ರಜೆ ಸಿಕ್ಕಿತು. ಮೊಮ್ಮಗಳ ಕಿವಿ ತನ್ನ ಕಿವಿಯಂತೆಯೇ ಇದೆಯೆಂದು ಕಳಕವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಅದೇ ತಿಂಗಳು ಅವನು ಮೊದಲ ಸಲ ಗಾಳಿಯಂತ್ರದ ತುದಿಗೆ ಹತ್ತಿದ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮೇಲೆ ಮುಟ್ಟಿ ಮುಚ್ಚಳ ತೆರೆದಾಗ ಎರೆಹೊಲಗಳು ಕಂಡವು, ರೋಣದ ದಾರಿ ಕಂಡಿತು, ಎತ್ತುಗಳ ಹಿಂದೆ ಬಿತ್ತುತ್ತಿರುವವರು ಇರುವೆಗಳಷ್ಟು ಕಂಡರು. ಅವನಿಗೆ ಹೆದರಿಕೆಯಾಗಲಿಲ್ಲ. ಅವನು ಅಂಜಿದ್ದು ಎತ್ತರಕ್ಕಲ್ಲ ಎಂಬುದು ಆಗ ಅವನಿಗೇ ಖಾತ್ರಿಯಾಯಿತು.

ದೀಪಾವಳಿಯ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅಣ್ಣಾ, ನಾ ದ್ಯಾಮೇಶ. ಗುರ್ತ ಸಿಕ್ಕಿತೇನು?"

ಅವನ ದನಿಯಲ್ಲಿ ಆ ನಗು ಇರಲಿಲ್ಲ. ಕಾಲು ಜಾರಿ, ಕೈಯಲ್ಲಿ ಏಣಿಗೆ ಜೋತು ಹೇಗೋ ಬದುಕಿಕೊಂಡಿದ್ದನಂತೆ. ಭುಜ ಉಳುಕಿ ಎರಡು ದಿನ ರಜೆ ಕೇಳಿದ್ದಕ್ಕೆ ಗೌತಮ ಬೈದು ಅಟ್ಟಿದ್ದ. ದ್ಯಾಮೇಶ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ. ಆಮೇಲೆ ಗೌತಮ ಇಟ್ಟುಕೊಂಡಿದ್ದ ಅವನ ಸರ್ಟಿಫಿಕೇಟುಗಳು ವಾಪಸು ಬಂದವು. "ನಾ ಒಬ್ಬನ ಅಲ್ಲಣ್ಣಾ. ರಮಜಾನ ಚಾಚಾನೂ ಬಂದು, ಗೌಸುಸಾಬ ಬಿದ್ದದ್ದನ್ನೆಲ್ಲಾ ಬರಸಿ ಹೆಬ್ಬಟ್ಟ ಒತ್ತಿದ್ರು. ಈಗ ವಿಚಾರಣಿ ನಡದೈತಿ. ಚಾಚಾ ಆ ಕೆಲಸಾ ಬಿಟ್ಟು ಮಗಳ ಕಿರಾಣಿ ಅಂಗಡ್ಯಾಗ ಕುಂಡ್ರತಾರ." ಕೊನೆಗೆ ಕೇಳಿದ, "ನಿಮ್ಮಲ್ಲಿ ಜಾಗಾ ಅದಾವೇನು?"

ಮುಂದಿನ ವಾರ ದುರ್ಗೇಶ ಅವನನ್ನು ರೋಣದ ಬಸ್‌ನಿಲ್ದಾಣದಿಂದ ಆಫೀಸಿಗೆ ಕರೆತಂದ. ದಾರಿಯುದ್ದಕ್ಕೂ ದ್ಯಾಮೇಶ ಬೆವರು ಒರೆಸಿಕೊಳ್ಳುತ್ತಿದ್ದ.

"ನಾ ಆ ಲಾಕಿನ ಮ್ಯಾಲ ಹತ್ತೀನಿ ಅಂತ ಹೇಳ್ಲೋ, ಬ್ಯಾಡೋ?"

"ಹೇಳು. ಹತ್ತಿದ್ದೂ ಹೇಳು, ಅರ್ಜಿ ಕೊಟ್ಟಿದ್ದೂ ಹೇಳು. ಬೈದ್ರೂ ಬೈಬಹುದು ಮೇಡಂ. ಬೈಸ್ಕೊ."

"ನಾನೂ ಏನರ ಕೇಳಬಹುದೇನು?"

"ಮನಸ್ಸಿನ್ಯಾಗ ಏನೈತಿ ಅಷ್ಟೂ ಕೇಳು."

ಒಳಗಿನಿಂದ ಹೆಸರು ಕೂಗಿದರು. ದ್ಯಾಮೇಶ ಅಂಗಿ ಸರಿಪಡಿಸಿಕೊಂಡು, ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಗೊಂದಲಪಟ್ಟು, ಕೊನೆಗೆ ಹಾಕಿಕೊಂಡೇ ಒಳಗೆ ಹೋದ. ಅಂಗಳದಲ್ಲಿ ತಂಡದ ಜೀಪು ಹೊರಡಲು ಸಿದ್ಧವಾಗಿತ್ತು. ಆ ದಿನ ಅವರಿಗೆ ಕೊಣ್ಣೂರು ಕಡೆಯ ಕೆಲಸ. ಯಾಕೋ ಜೀಪು ಚಾಲೂ ಆಗಲಿಲ್ಲ. ದುರ್ಗೇಶ ಬುತ್ತಿಯನ್ನು ಸೀಟಿನ ಮೇಲಿಟ್ಟು, ಉಳಿದವರ ಜೊತೆ ಹಿಂದಿನಿಂದ ಹೆಗಲು ಕೊಟ್ಟು ನೂಕತೊಡಗಿದ.